ಜಿಪ್ ಬಿಚ್ಚುವ ಕೆಲಸ 486ಕ್ಕೇ ಬಿಡಿ

ನನ್ನ ಹಳೇ 486ಕ್ಕೆ, ಅಂದರೆ ತೊಂಬತ್ತರ ದಶಕದ ಡಾಸ್ ಕಂಪ್ಯೂಟರಿಗೆ, ಏನಾದರೂ ಹಾಕುತ್ತಾ ಕೂತಾಗ ಗೆಳೆಯರದು ಒಂದೇ ಪ್ರಶ್ನೆ. "ಲ್ಯಾಪ್‌ಟಾಪಲ್ಲೇ ಅನ್‌ಜಿಪ್ ಮಾಡಿ ಕಾಪಿ ಮಾಡ್ಕೋಬಾರದಾ ಮಾರಾಯ?" ಮಾಡಬಹುದು. ಆದರೆ ನಾನು ಮಾಡುವುದಿಲ್ಲ, ಜಿಪ್ಪನ್ನು ಹಾಗೇ ಒಯ್ದು 486ರಲ್ಲೇ ಬಿಚ್ಚುತ್ತೇನೆ.

ಫ್ಲಾಪಿಯ ಸೆಕ್ಟರ್ ಕೆಟ್ಟಿದ್ದರೆ ಡಾಸ್ ತಾನೇ ಬಾಯಿ ಬಿಡುತ್ತದೆ. ಹಳೇ ಕೇಬಲ್ಲೋ ಸವೆದ ರ್‍ಯಾಮೋ ದಾರಿಯಲ್ಲಿ ಒಂದು ಬೈಟ್ ಬದಲಿಸಿದರೆ ಮಾತ್ರ ಯಾರೂ ಹೇಳುವುದಿಲ್ಲ. ಪ್ರೋಗ್ರಾಂ ಎಲ್ಲೋ ಹ್ಯಾಂಗ್ ಆಗುತ್ತದೆ, ನಾವು ಸುಮ್ನೆ ಸೌಂಡ್ ಕಾರ್ಡನ್ನು ಬೈಯುತ್ತಾ ಕೂರುತ್ತೇವೆ. ಜಿಪ್ ಒಳಗೆ ಪ್ರತಿ ಫೈಲಿಗೂ ಸಿಆರ್‌ಸಿ ಲೆಕ್ಕ, ಅಂದರೆ ಬೈಟ್ ಬದಲಾದರೆ ಹಿಡಿದುಕೊಡುವ ಒಂದು ಸಂಖ್ಯೆ, ಇರುತ್ತದೆ. ಡಾಸ್‌ನಲ್ಲಿ ಜಿಪ್ ಬಿಚ್ಚುವ ಪ್ರೋಗ್ರಾಂ ಪಿಕೆಅನ್‌ಜಿಪ್‌ಗೆ ಮೈನಸ್ ಟಿ ಕೊಟ್ಟರೆ ಏನನ್ನೂ ಬಿಚ್ಚದೆ ಎಲ್ಲವನ್ನೂ ತಾಳೆ ನೋಡುತ್ತದೆ. ಬಿಚ್ಚುವಾಗ ಮೈನಸ್ ಡಿ ಬೇಕು. ಇಲ್ಲದಿದ್ದರೆ ಒಳಗಿನ ಡೈರೆಕ್ಟರಿಗಳೆಲ್ಲ ಮಾಯವಾಗಿ ಫೈಲುಗಳು ಒಂದೇ ಕಡೆ ರಾಶಿ ಬೀಳುತ್ತವೆ.

ನನ್ನ ಪಿಕೆಅನ್‌ಜಿಪ್ 1993ರ 2.04ಜಿ ಆವೃತ್ತಿ. ಅದಕ್ಕಿಂತ ಹಳೇ 1.10ಕ್ಕೆ ಡಿಫ್ಲೇಟ್ ಅನ್ನೋ ಕುಗ್ಗಿಸುವ ವಿಧಾನ ಅರ್ಥವಾಗದು, ಈಗಿನ ಜಿಪ್ ಕೊಟ್ಟರೆ ಕೈ ಚೆಲ್ಲುತ್ತದೆ. ಲ್ಯಾಪ್‌ಟಾಪಲ್ಲಿ ಜಿಪ್ ಮಾಡುವಾಗಲೂ ಡಿಫ್ಲೇಟನ್ನೇ ಆರಿಸಿ, ಎಲ್‌ಝಡ್‌ಎಂಎ ಗಿಲ್‌ಝಡ್‌ಎಂಎ ಬೇಡ.

ಒಂದು ತಮಾಷೆ. ಜಿಪ್ ಫೈಲಿಗೆ ಡಾಸ್‌ನಲ್ಲಿ ಟೈಪ್ ಕಮಾಂಡ್ (ಫೈಲಿನ ಒಳಗಿರುವುದನ್ನು ಪರದೆಗೆ ತರುವುದು) ಕೊಟ್ಟು ನೋಡಿ. ಮೊದಲು "ಪಿಕೆ" ಅಕ್ಷರಗಳು, ಪಕ್ಕದಲ್ಲೇ ಇಸ್ಪೀಟಿನ ಒಂದು ಆಟೀನು, ಒಂದು ಡೈಮಂಡು! ಪಿಕೆ ಅಂದರೆ ಫಿಲ್ ಕಾಟ್ಜ್, ಈ ಫಾರ್ಮ್ಯಾಟ್ ಮಾಡಿದವರು. ಆಟೀನು, ಡೈಮಂಡು ಬರೋದು 3 ಮತ್ತು 4 ಅನ್ನೋ ಬೈಟ್‌ಗಳಿಗೆ ಪಿಸಿಯ ಪರದೆ ಕೊಡುವ ರೂಪ. ಇವತ್ತಿನ ವರ್ಡ್ ಡಾಕ್ಸ್ ಫೈಲಿನ ತಲೆಯಲ್ಲೂ ಇದೇ ನಾಲ್ಕು ಬೈಟ್ ಇವೆ.

ಹೊಸದೇನಾದರೂ ಸಿಕ್ಕರೆ ನೇರ ಸಿ ಡ್ರೈವಿಗೆ ಸುರಿಯುವುದಿಲ್ಲ. ಇರುವ 8 ಎಂಬಿ ರ್‍ಯಾಮ್‌ನಲ್ಲಿ 2 ಎಂಬಿಯನ್ನು ಮೆಮೊರಿಯಲ್ಲೇ ಮಾಡುವ ತಾತ್ಕಾಲಿಕ ಡ್ರೈವ್, ಅಂದರೆ ರ್‍ಯಾಮ್‌ಡ್ರೈವ್‌ಗೆ ಕೊಟ್ಟಿದ್ದೇನೆ. ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು, ಕೊನೆಗೆ ಸ್ಲ್ಯಾಶ್ ಇ, ಅಷ್ಟೇ. ಅಲ್ಲಿ ಬಿಚ್ಚಿ, ಓಡಿಸಿ, ಹಿಡಿಸದಿದ್ದರೆ ಸ್ವಿಚ್ ಆಫ್. ಗುಡಿಸುವ ಕೆಲಸವೇ ಇಲ್ಲ. ಒಂದು ಸಬ್‌ಡೈರೆಕ್ಟರಿ ಮಾತ್ರ ಮೊದಲೇ ಮಾಡಿಕೊಳ್ಳಿ. ನೀವಾಗಿ ಹೆಚ್ಚಿಸದಿದ್ದರೆ ರ್‍ಯಾಮ್‌ಡ್ರೈವ್‌ನ ರೂಟ್‌ನಲ್ಲಿ (ಯಾವ ಡೈರೆಕ್ಟರಿಯೊಳಗೂ ಹೋಗದ ಮೊದಲ ಹಂತದಲ್ಲಿ) ಬರೀ 64 ಹೆಸರಿಗೆ ಜಾಗ. ಸಣ್ಣ ಫೈಲುಗಳು ಜಾಸ್ತಿ ಇರುವ ಜಿಪ್ ಆದರೆ, ಡ್ರೈವ್ ಅರ್ಧ ಖಾಲಿ ಇದ್ದರೂ ಮಧ್ಯದಲ್ಲೇ ನಿಂತುಬಿಡುತ್ತದೆ.

1990ರ ಕಮಾಂಡರ್ ಕೀನ್ ಗೇಮಿನ ಮೊದಲ ಭಾಗ ಇದರಲ್ಲಿ ಆರಾಮಾಗಿ ಕೂರುತ್ತದೆ. ಡೂಮ್ ಗೇಮಿನ ಶೇರ್‌ವೇರ್‌ಗೆ (ಉಚಿತವಾಗಿ ಹಂಚುವ ಭಾಗಕ್ಕೆ) 2 ಎಂಬಿ ಎಲ್ಲಿ ಸಾಲುತ್ತದೆ? ಅದು ಸೀದಾ ಸಿ ಡ್ರೈವಿಗೇ.