ಪಹಣಿ ಆನ್‌ಲೈನ್, ತಾತ ಆಫ್‌ಲೈನ್

ಹಳ್ಳಿಯಲ್ಲೇ ಸರ್ಕಾರಿ ಸೇವೆ ಕೊಡುವ ಗ್ರಾಮ ಒನ್ ಕೇಂದ್ರ ಮೊದಲು ಪ್ರಯೋಗಕ್ಕೆ ಬಂದದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲೇ, 2020ರಲ್ಲಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಈಗ ಬಸ್ ಹತ್ತಿ ನಾಡಕಚೇರಿಗೆ ಹೋಗಬೇಕಿಲ್ಲ. ಒಳ್ಳೆಯದೇ. ಅದಕ್ಕೂ ಎಷ್ಟೋ ಮುಂಚೆ ಜಮೀನಿನ ದಾಖಲೆಯನ್ನು ಕಂಪ್ಯೂಟರಿಗೆ ಹಾಕುವ ‘ಭೂಮಿ’ ಯೋಜನೆ ಬಂದು, ಜಮೀನು ಯಾರದು ಅಂತ ಹೇಳುವ ಕೈಬರಹದ ಪಹಣಿ ಹೋಯಿತು. ಅಲ್ಲಿವರೆಗೆ ಗ್ರಾಮ ಲೆಕ್ಕಿಗರು ಊರಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ, ಇದ್ದರೂ ಕೈ ಬಿಸಿ ಮಾಡಬೇಕಿತ್ತು ಅಂತ ಅಪ್ಪ ಈಗಲೂ ಗೊಣಗುತ್ತಾರೆ.

ಆದರೆ ಜಗಳೂರು ಕಡೆಯ ನಮ್ಮ ಜಮೀನಿನ ಪಹಣಿ ತೆಗೆದರೆ ಇನ್ನೂ ತಾತನ ಹೆಸರೇ ಬರುತ್ತದೆ. ಅವರು ತೀರಿಹೋಗಿ ಎಷ್ಟೋ ವರ್ಷ ಆಯಿತು! ಕಾಗದದಲ್ಲಿ ಏನಿತ್ತೋ ಅದೇ ಕಂಪ್ಯೂಟರಿಗೂ ಹೋಗಿದೆ, ಅಷ್ಟೇ. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕು ಅಂದರೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ತಾತ ಹೋದಾಗ ಹಳ್ಳಿಯಲ್ಲಿ ಸಾವು ಬರೆಸುವವರು ಯಾರಿದ್ದರು ಹೇಳಿ? ಮೇಲಿಂದ ದೊಡ್ಡಪ್ಪ, ಅತ್ತೆಯರು ಎಲ್ಲರೂ ಒಪ್ಪಬೇಕು, ಅವರಲ್ಲಿ ಇಬ್ಬರು ಹಬ್ಬಕ್ಕೂ ಮಾತಾಡುವುದಿಲ್ಲ. ಇದಕ್ಕೆ ಯಾವ ಆ್ಯಪ್ ಇದೆ?

ಬೆಳೆ ಪರಿಹಾರ ಬಂದಾಗ ಇದರ ಬಿಸಿ ತಟ್ಟುತ್ತದೆ. ಮೆಕ್ಕೆಜೋಳ ಒಣಗಿದ್ದು ಅಪ್ಪನದು, ದಾಖಲೆಯಲ್ಲಿ ರೈತ ತಾತ. ಸರ್ವರ್ ಡೌನ್ ಆದರೆ ಜನ ಜಾಸ್ತಿ ಕೂಗಾಡುತ್ತಾರೆ, ಅದು ನಾಳೆ ಸರಿಹೋಗುತ್ತದೆ. ಇದು ಹೋಗಲ್ಲ. ಅತ್ತೆಗೆ ಈ ವಾರ ಫೋನ್ ಮಾಡುತ್ತೇನೆ ಅಂತ ಅಪ್ಪ ಹೇಳಿದ್ದಾರೆ, ನೋಡೋಣ.