ಎಲೆಯ ದೂರು ಹೊಲದವರೆಗೆ ಹೋಗಬೇಕು: ಒಂದು ಸಿಗಾರ್ ಮನೆತನದಿಂದ ನನ್ನ ಕೆಲಸಕ್ಕೆ ಸಿಕ್ಕ ಪಾಠ

ಹುಣಸೂರು, ಪಿರಿಯಾಪಟ್ಟಣ ಭಾಗದ ತಂಬಾಕನ್ನು ಹರಾಜಿನಲ್ಲಿ ಕೊಂಡು, ವಿಂಗಡಿಸಿ ಮುಂದಕ್ಕೆ ಕಳಿಸುವ ಸಂಸ್ಥೆಯೊಂದರ ಗುಣಮಟ್ಟ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ನಮ್ಮ ಕಡೆ ಬೆಳೆಯುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕು. ಸಿಗಾರಿನ ಎಲೆಗೂ ಇದಕ್ಕೂ ತಳಿಯಲ್ಲಾಗಲಿ, ಹದ ಮಾಡುವ ಕ್ರಮದಲ್ಲಾಗಲಿ ಹೋಲಿಕೆಯಿಲ್ಲ. ಆದರೂ ನನ್ನ ಹುದ್ದೆಯ ನಿಜವಾದ ಕೆಲಸ ಯಾವುದೆಂದು ನನಗೆ ಮನವರಿಕೆಯಾದದ್ದು, ತಾವೇ ಎಲೆ ಬೆಳೆದು ತಾವೇ ಸಿಗಾರ್ ಸುತ್ತುವ ಪದ್ರೋನ್ ಎಂಬ ಕ್ಯೂಬಾ ಮೂಲದ ಮನೆತನದ ಚರಿತ್ರೆಯನ್ನು ಓದಿದಾಗ.

ಮೊದಲು ನಮ್ಮ ತೊಡಕನ್ನು ಹೇಳುತ್ತೇನೆ. ನಮ್ಮ ರೈತರು ಹೊಲದಿಂದ ಕಿತ್ತ ಎಲೆಯನ್ನು ಕಡ್ಡಿಗೆ ಕಟ್ಟಿ, ಎಲೆ ಹದ ಮಾಡುವ ಕೋಣೆಯಾದ ಬ್ಯಾರನ್‌ಗೆ ಏರಿಸಿ, ಸೌದೆಯ ಬೆಂಕಿಯಿಂದ ಕಾದ ಕೊಳವೆಗಳ ಬಿಸಿಯಲ್ಲಿ ಐದಾರು ದಿನ ಬೇಯಿಸುತ್ತಾರೆ. ಆರಂಭದಲ್ಲಿ 35ರಿಂದ 40 ಡಿಗ್ರಿಯ ಆಸುಪಾಸಿನಲ್ಲಿಟ್ಟು ಎಲೆಗೆ ಹಳದಿ ಬರಿಸಬೇಕು, ಆಮೇಲೆ ಹಂತ ಹಂತವಾಗಿ ಬಿಸಿ ಏರಿಸಿ ಎಲೆಯನ್ನು ಒಣಗಿಸಬೇಕು, ಕೊನೆಗೆ 70 ಡಿಗ್ರಿಯ ಹತ್ತಿರ ನಡುದಂಟನ್ನು ಒಣಗಿಸಬೇಕು. ಹಳದಿ ಪೂರ್ತಿ ಬರುವ ಮುನ್ನ ಬಿಸಿ ಏರಿಸಿದರೆ ಹಸಿರು ಎಲೆಯಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ, ತೇವ ಹೊರಹೋಗದಂತೆ ಕಿಂಡಿ ಮುಚ್ಚಿಟ್ಟರೆ ಎಲೆ ಕಂದುಗಟ್ಟುತ್ತದೆ. ಈ ದೋಷ ಹುಟ್ಟುವುದು ಯಾವುದೋ ಒಂದು ರಾತ್ರಿ, ಬ್ಯಾರನ್ ಮುಂದೆ ಕೂತವರ ಕಣ್ಣೆದುರಿಗೆ. ಅದು ಲೆಕ್ಕಕ್ಕೆ ಬರುವುದು ಮಾತ್ರ ವಾರಗಳ ನಂತರ, ಕಟ್ಟೆಮಳಲವಾಡಿಯ ಅಥವಾ ಕಂಪಲಾಪುರದ ಹರಾಜು ಕಟ್ಟೆಯಲ್ಲಿ. ಅಲ್ಲಿ ಬೇಲ್ (ಎಲೆಯ ಮೂಟೆ) ಬಿಚ್ಚಿ, ಒಂದು ಹಿಡಿ ಎಲೆ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಬ್ರೈಟ್, ಮೀಡಿಯಂ ಅಥವಾ ಲೋ ಎಂದು ದರ್ಜೆ ತೀರ್ಮಾನಿಸಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ರೈತನಿಗೆ ತಿಳಿಯುವುದು ಬೆಲೆ ಮಾತ್ರ, ಕಾರಣವಲ್ಲ. ಕೊಂಡವರಿಗೆ ತಿಳಿಯುವುದು ದೋಷ ಮಾತ್ರ, ಅದು ಹುಟ್ಟಿದ ರಾತ್ರಿಯಲ್ಲ. ಹೀಗಾಗಿ ಬೆಳೆದವರು ದರ್ಜೆ ಹಾಕುವವರನ್ನು ದೂರುತ್ತಾರೆ, ದರ್ಜೆ ಹಾಕುವವರು ಬೆಳೆದವರನ್ನು ದೂರುತ್ತಾರೆ, ಮುಂದಿನ ವರ್ಷವೂ ಅದೇ ದೋಷ ಅದೇ ಊರಿನಿಂದ ಬರುತ್ತದೆ.

ಪದ್ರೋನ್ ಮನೆತನದ ಹಿರಿಯರು ಹತ್ತೊಂಬತ್ತನೆಯ ಶತಮಾನದಲ್ಲಿ ಕೆನರಿ ದ್ವೀಪಗಳಿಂದ ಕ್ಯೂಬಾಗೆ ವಲಸೆ ಬಂದು, ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿ ತಂಬಾಕು ಬೆಳೆಯಲು ತೊಡಗಿದರು. ಅಲ್ಲಿಯೇ 1926ರಲ್ಲಿ ಹುಟ್ಟಿದ ಹೊಸೆ ಒರ್ಲಾಂದೊ ಪದ್ರೋನ್ ಹುಡುಗನಾಗಿದ್ದಾಗಲೇ ಹೊಲದ ಕೆಲಸಕ್ಕೆ ಇಳಿದವರು. 1959ರ ಕ್ರಾಂತಿಯ ನಂತರ ತಂಬಾಕು ಉದ್ಯಮ ಸರ್ಕಾರದ ಕೈಸೇರಿತು, ಅವರು 1961ರಲ್ಲಿ ದೇಶ ಬಿಟ್ಟರು. ಸ್ಪೇನ್ ಮತ್ತು ನ್ಯೂಯಾರ್ಕ್ ಮೂಲಕ ಮಯಾಮಿ ತಲುಪಿ, ಗೆಳೆಯರೊಬ್ಬರು ಕೊಟ್ಟ ಚಿಕ್ಕ ಸುತ್ತಿಗೆಯಿಂದ ಮರಗೆಲಸ ಮಾಡಿ 600 ಡಾಲರ್ ಕೂಡಿಟ್ಟು, 1964ರಲ್ಲಿ ಒಬ್ಬನೇ ಸುತ್ತುಗಾರನನ್ನು ಇಟ್ಟುಕೊಂಡು ಸಿಗಾರ್ ಕಾರ್ಖಾನೆ ತೆರೆದರು. ಆ ಸುತ್ತಿಗೆ ಇಂದು ಅವರ ಸಂಸ್ಥೆಯ ಗುರುತೇ ಆಗಿದೆ, ಅವರ ಬಗ್ಗೆ ಬರೆಯುವವರೆಲ್ಲ ಅದರ ಕಥೆಯನ್ನೇ ಹೇಳುತ್ತಾರೆ.

ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು 1970ರ ನಿರ್ಧಾರ. ಅಮೆರಿಕ 1962ರಲ್ಲಿ ಕ್ಯೂಬಾದ ಮೇಲೆ ವ್ಯಾಪಾರ ನಿರ್ಬಂಧ ಹೇರಿದ ಮೇಲೆ ಅಲ್ಲಿನ ಎಲೆ ಮಯಾಮಿಗೆ ಬರುವುದು ನಿಂತಿತ್ತು. ಬೇರೆಯವರು ಬೆಳೆದ ಎಲೆಯನ್ನು ಕೊಂಡು ಸುತ್ತುತ್ತಿದ್ದ ಪದ್ರೋನ್, ಕ್ಯೂಬಾದ ಬೀಜದಿಂದ ನಿಕರಾಗುವಾದಲ್ಲಿ ಬೆಳೆದ ತಂಬಾಕನ್ನು ಪರೀಕ್ಷಿಸಿ ಮೆಚ್ಚಿ, ಕಾರ್ಖಾನೆಯನ್ನೇ ಆ ದೇಶದ ಎಸ್ತೆಲಿ ಪಟ್ಟಣಕ್ಕೆ ಕೊಂಡೊಯ್ದರು. ಎಲೆ ಬೆಳೆಯುವ ಕಣಿವೆಯಲ್ಲೇ ಸುತ್ತುವ ಮೇಜನ್ನೂ ಹಾಕಿದ್ದರಿಂದ, ಮೇಜಿನ ಮೇಲೆ ಕಂಡ ದೋಷವನ್ನು ಹೊಲದವರೆಗೆ ಒಯ್ಯುವುದು ಸಾಧ್ಯವಾಯಿತು.

ಸಿಗಾರಿನ ಕೆಲಸದಲ್ಲಿ ಇದಕ್ಕೆ ಎಷ್ಟು ಬೆಲೆಯಿದೆ ಎಂಬುದು ಎಲೆಯ ದಾರಿಯನ್ನು ನೋಡಿದರೆ ತಿಳಿಯುತ್ತದೆ. ಸಿಗಾರಿನ ಎಲೆಯನ್ನು ಬೆಂಕಿಯ ಬಿಸಿಯಲ್ಲಿ ಬೇಯಿಸುವುದಿಲ್ಲ, ಗಾಳಿಯಾಡುವ ದೊಡ್ಡ ಮರದ ಕೊಟ್ಟಿಗೆಗಳಲ್ಲಿ ವಾರಗಟ್ಟಲೆ ತೂಗುಹಾಕಿ ನಿಧಾನವಾಗಿ ಒಣಗಿಸುತ್ತಾರೆ. ಬಳಿಕ ತುಸು ತೇವ ಮಾಡಿ ಆಳೆತ್ತರದ ಮೆದೆಯಾಗಿ ಒಟ್ಟುತ್ತಾರೆ. ಮೆದೆಯ ಒಳಗೆ ಎಲೆ ತಾನಾಗಿಯೇ ಬಿಸಿಯಾಗಿ ಹುದುಗುತ್ತದೆ, ಘಾಟು ವಾಸನೆಯ ಅಮೋನಿಯಾ ಹೊರಬೀಳುತ್ತದೆ. ನಡುವೆ ತೂರಿಸಿಟ್ಟ ತಾಪಮಾಪಕವನ್ನು ನೋಡುತ್ತಾ, ಬಿಸಿ ಮಿತಿ ಮೀರುವ ಮೊದಲು ಮೆದೆಯನ್ನು ಒಡೆದು, ಒಳಗಿನ ಎಲೆ ಹೊರಗೆ, ಹೊರಗಿನ ಎಲೆ ಒಳಗೆ ಬರುವಂತೆ ಮತ್ತೆ ಒಟ್ಟಬೇಕು. ಇದೆಲ್ಲ ಮುಗಿದ ಮೇಲೂ ಎಲೆಯನ್ನು ಬೇಲ್ ಕಟ್ಟಿ ವರ್ಷಗಳ ಕಾಲ ಮಾಗಲು ಬಿಡುತ್ತಾರೆ. ಪದ್ರೋನ್ ಸಂಸ್ಥೆ 1994ರಲ್ಲಿ ಹೊರತಂದ, 1964ರ ನೆನಪಿನ ಸಿಗಾರಿಗೆ ನಾಲ್ಕು ವರ್ಷ ಮಾಗಿದ ಎಲೆ ಬಳಸಲಾಗುತ್ತದೆ. ಇಂದು ಸುತ್ತುವ ಮೇಜಿನ ಮೇಲೆ ಕಂಡ ದೋಷ ನಾಲ್ಕೈದು ವರ್ಷದ ಹಿಂದಿನ ಬೆಳೆಯದ್ದಾಗಿರಬಹುದು. ಅಷ್ಟು ಹಿಂದಕ್ಕೆ ಹೋಗಿ ವಿಚಾರಿಸಬೇಕಾದರೆ ಯಾವ ಹೊಲ, ಗಿಡದ ಯಾವ ಎತ್ತರದ ಎಲೆ, ಯಾವ ಮೆದೆ ಎಂಬ ಬರಹ ಬೇಲ್‌ನ ಜೊತೆಗೇ ಬರಬೇಕು.

ಸುತ್ತುವ ಕೋಣೆಯಲ್ಲೂ ಇದೇ ಕ್ರಮವಿದೆ. ನಿಕರಾಗುವಾ, ಹೊಂಡುರಾಸ್ ಕಡೆಯ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಇಬ್ಬರು ಜೋಡಿಯಾಗಿ ಕೂರುತ್ತಾರೆ. ಒಬ್ಬರು ಒಳಗಿನ ಎಲೆಗಳನ್ನು ಮಡಿಸಿ, ಕಟ್ಟುವ ಎಲೆಯಲ್ಲಿ ಸುತ್ತಿ ಅಚ್ಚಿಗೆ ಇಡುತ್ತಾರೆ, ಇನ್ನೊಬ್ಬರು ಅದಕ್ಕೆ ಹೊದಿಕೆ ಎಲೆಯನ್ನು ಸುತ್ತಿ ತುದಿ ಮುಚ್ಚುತ್ತಾರೆ. ಸಿದ್ಧವಾದ ಸಿಗಾರುಗಳನ್ನು ಐವತ್ತರ ಕಟ್ಟು ಮಾಡಿ, ಜೋಡಿಯ ಗುರುತಿನ ಚೀಟಿಯೊಂದಿಗೆ ತಪಾಸಣೆಗೆ ಕೊಡುತ್ತಾರೆ. ಹೊಗೆ ಎಳೆಯಲಾಗದಷ್ಟು ಬಿಗಿಯಾದ ಸಿಗಾರ್ ಸಿಕ್ಕಿದರೆ ಚೀಟಿ ನೋಡಿ ಆ ಮೇಜಿಗೇ ಹಿಂದಿರುಗಿಸುತ್ತಾರೆ. ಚೀಟಿ ಇರುವುದು ಯಾರನ್ನೋ ಹಿಡಿದು ದಂಡಿಸಲಿಕ್ಕಲ್ಲ, ತಿದ್ದಬಲ್ಲವರ ಕೈಗೆ ಸುದ್ದಿ ತಲುಪಿಸಲಿಕ್ಕೆ ಎಂದು ನಾನು ಬಲವಾಗಿ ನಂಬುತ್ತೇನೆ.

ಪದ್ರೋನ್ ಕುಟುಂಬ ಪಟ್ಟ ಕಷ್ಟವೂ ಸಣ್ಣದಲ್ಲ. 1978ರ ದಂಗೆಯ ಕಾಲದಲ್ಲಿ ಎಸ್ತೆಲಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಕ್ಯೂಬಾದ ರಾಜಕೀಯ ಕೈದಿಗಳ ಬಿಡುಗಡೆಗಾಗಿ ಹವಾನಾದಲ್ಲಿ ನಡೆದ ಮಾತುಕತೆಯಲ್ಲಿ ಹೊಸೆ ಒರ್ಲಾಂದೊ ಪಾಲ್ಗೊಂಡದ್ದಕ್ಕೆ ಸಿಟ್ಟಾದವರು ಮಯಾಮಿಯ ಕಚೇರಿಗೆ ಒಂದಲ್ಲ ಹಲವು ಸಲ ಬಾಂಬ್ ಇಟ್ಟರು. 1985ರಲ್ಲಿ ಅಮೆರಿಕ ನಿಕರಾಗುವಾದ ಮೇಲೂ ನಿರ್ಬಂಧ ಹೇರಿತು, 1990ರವರೆಗೆ ಅಲ್ಲಿನ ಸರಕು ಅವರ ಮುಖ್ಯ ಮಾರುಕಟ್ಟೆಗೆ ಹೋಗುವಂತಿರಲಿಲ್ಲ. ಗಡಿಯಾಚೆ ಹೊಂಡುರಾಸ್‌ನ ದಾನ್ಲಿಯಲ್ಲಿ ಮೊದಲೇ ತೆರೆದಿದ್ದ ಕಾರ್ಖಾನೆ ಆಗ ಕೈಹಿಡಿಯಿತು. ಕಟ್ಟಡ, ದೇಶ, ಮಾರುಕಟ್ಟೆ ಒಂದೊಂದಾಗಿ ಕೈತಪ್ಪಿದರೂ ಎಲೆಯನ್ನು ಬಲ್ಲವರು ಮನೆಯಲ್ಲೇ ಇದ್ದರು. ಹೊಸೆ ಒರ್ಲಾಂದೊ 2017ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಮಗ ಹೊರ್ಹೆ ಮತ್ತು ಕುಟುಂಬದ ಇತರರು ಹೊಲ, ಕಾರ್ಖಾನೆ ಎರಡನ್ನೂ ಬಹುಕಾಲದಿಂದ ನಡೆಸುತ್ತಿದ್ದರು.

ನಮ್ಮ ರೈತರು ಹೀಗೆ ಎಲೆಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳಲಾರರು. ಸಾಲ, ಸೌದೆ, ಕೂಲಿ ಇವುಗಳ ಬಾಕಿ ತೀರಲು ಅದೇ ಹಂಗಾಮಿನಲ್ಲಿ ಬೇಲ್ ಹರಾಜಿಗೆ ಬರಲೇಬೇಕು. 1976ರಲ್ಲಿ ತಂಬಾಕು ಮಂಡಳಿ ಸ್ಥಾಪನೆಯಾಗಿ ಮುಂದೆ ಹರಾಜು ಬಂದದ್ದರಿಂದ ಅವರಿಗೆ ಬಹಿರಂಗ ಬೆಲೆ ಸಿಕ್ಕಿತು ಎಂಬುದನ್ನು ಮರೆಯಬಾರದು. ತಂಬಾಕಿನಿಂದ ಆರೋಗ್ಯಕ್ಕಾಗುವ ಹಾನಿ ನಿಸ್ಸಂಶಯ, ಸಿಗಾರೂ ಅದಕ್ಕೆ ಹೊರತಲ್ಲ. ಆದರೆ ಬೇರೆ ಬೆಳೆಗೆ ಹೊರಳುವವರೆಗೆ ಈ ಕುಟುಂಬಗಳ ದುಡಿಮೆಗೆ ಸಲ್ಲಬೇಕಾದ ಬೆಲೆ ಸಲ್ಲಲೇಬೇಕು, ಕಾರಣ ತಿಳಿಯದೆ ಲೋ ದರ್ಜೆಗೆ ಬೀಳುವ ಪ್ರತಿ ಬೇಲ್ ಆ ಮನೆಯ ವರ್ಷದ ಗಳಿಕೆಯನ್ನು ಕಡಿಮೆ ಮಾಡುತ್ತದೆ.

ಆದ್ದರಿಂದ ಹೊಲವೂ ಮೇಜೂ ಒಂದೇ ಮನೆಯದಾಗಿದ್ದರೆ ಸಹಜವಾಗಿ ನಡೆಯುತ್ತಿದ್ದ ಆ ಸುದ್ದಿಯ ಸಂಚಾರವನ್ನು ನಾವು ಕಾಗದದಲ್ಲಾದರೂ ನಡೆಸಲು ತೊಡಗಿದ್ದೇವೆ. ನಮ್ಮ ಸಂಪರ್ಕದಲ್ಲಿರುವ ಹಳ್ಳಿಗಳಲ್ಲಿ ಒಂದೊಂದು ಬ್ಯಾರನ್‌ಗೂ ಪುಟ್ಟ ಪುಸ್ತಕ ಕೊಟ್ಟಿದ್ದೇವೆ. ಎಷ್ಟನೆಯ ಸಲ ಕಿತ್ತ ಎಲೆ, ಬ್ಯಾರನ್ ಏರಿಸಿದ ದಿನ, ಹಳದಿಗೆ ಬಿಟ್ಟ ಹೊತ್ತು, ಬಿಸಿ ಏರಿಸಿದ ವೇಳೆ ಇಷ್ಟನ್ನು ಬರೆದಿಟ್ಟು, ಆ ಬೇಯಿಸಿದ ಸರದಿಯ ಸಂಖ್ಯೆಯನ್ನು ಬೇಲ್‌ನ ಚೀಟಿಗೂ ಹಾಕುತ್ತಾರೆ. ನಮ್ಮ ವಿಂಗಡಣೆಯಲ್ಲಿ ಕಂಡ ದೋಷವನ್ನು ಅದೇ ಸಂಖ್ಯೆಯ ಎದುರಿಗೆ ಬರೆದು, ಮೇ ತಿಂಗಳ ನಾಟಿಗೆ ಮುಂಚೆ ಮಾದರಿ ಎಲೆಯ ಸಮೇತ ಊರಿಗೆ ಒಯ್ದು ತೋರಿಸುತ್ತೇವೆ. ನರಗಳ ಉದ್ದಕ್ಕೂ ಹಸಿರು ಉಳಿದ ಎಲೆಯನ್ನು ಪುಸ್ತಕದ ಪುಟದ ಪಕ್ಕಕ್ಕಿಟ್ಟಾಗ, "ಆವತ್ತು ಸೌದೆ ಹಸಿಯಿತ್ತು ಸ್ವಾಮಿ, ಬೆಳಗಿನ ಜಾವ ಒಮ್ಮೆಲೇ ಬಿಸಿ ಏರಿಸಿಬಿಟ್ಟೆವು" ಎಂದು ಮನೆಯವರೇ ಕಾರಣ ಹೇಳುತ್ತಾರೆ. ಬರೆಯುವ ಕೆಲಸವನ್ನು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳೇ ವಹಿಸಿಕೊಂಡಿದ್ದಾರೆ. ಕಳೆದ ಸಲದ ಪುಸ್ತಕಗಳಲ್ಲಿ ಅತಿ ಅಚ್ಚುಕಟ್ಟಾಗಿದ್ದವೂ ಅವರವೇ, ಮುಂದಿನ ಹಂಗಾಮಿಗೆ ಸೌದೆ ಎಷ್ಟು ಒಣಗಿದೆ ಎಂಬುದಕ್ಕೂ ಒಂದು ಕಲಂ ಬೇಕೆಂದು ಸೂಚಿಸಿದವರೂ ಅವರೇ, ಅದನ್ನು ಈಗ ಸೇರಿಸಿದ್ದೇವೆ.