ಅಷ್ಟು ಚೆಂದದ ಊರು ಬಿಟ್ಟು ಜನ ಯಾಕೆ ಹೋದರು?

ಲೆಬನಾನಿನ ಬೆಟ್ಟದ ಹಳ್ಳಿಗಳ ಬಗ್ಗೆ ನಾನು ಮಾತು ತೆಗೆದಾಗಲೆಲ್ಲ ಕೇಳುವವರು ಕೊನೆಗೆ ಒಂದೇ ಪ್ರಶ್ನೆಗೆ ಬರುತ್ತಾರೆ. "ಕಲ್ಲಿನ ಮನೆ, ದ್ರಾಕ್ಷಿ ಚಪ್ಪರ, ಊರ ನಡುವೆ ಹರಿಯೋ ತಣ್ಣನೆ ನೀರು. ಅಷ್ಟು ಚೆಂದದ ಊರು ಬಿಟ್ಟು ಜನ ಬ್ರೆಜಿಲ್‌ಗೆ, ಅಮೆರಿಕಕ್ಕೆ ಯಾಕೆ ಹೋದರು?" ಕೇಳಬೇಕಾದ ಪ್ರಶ್ನೆಯೇ. ಇವತ್ತು ಲೆಬನಾನಿನಲ್ಲಿ ಇರುವವರಿಗಿಂತ ಹೊರಗೆ ಇರುವ ಲೆಬನೀಸ್ ಮೂಲದವರೇ ಜಾಸ್ತಿ.

ಯುದ್ಧ ಅಂತ ಹೇಳಿ ಮುಗಿಸುವುದು ಸುಲಭ. 1860ರಲ್ಲಿ ಬೆಟ್ಟದಲ್ಲಿ ದ್ರೂಜ್ ಅನ್ನೋ ಧಾರ್ಮಿಕ ಪಂಗಡದವರು ಮತ್ತು ಮ್ಯಾರೊನೈಟ್ ಕ್ರೈಸ್ತರ ನಡುವೆ ಭಾರೀ ರಕ್ತಪಾತ ಆಗಿತ್ತು, ನಿಜ. ಆದರೆ 1861ರಲ್ಲಿ ಹೊಸ ಆಡಳಿತ ಬಂದ ಮೇಲೆ ಮೊದಲನೇ ಮಹಾಯುದ್ಧದವರೆಗೆ ಬೆಟ್ಟ ಹೆಚ್ಚುಕಡಿಮೆ ಶಾಂತವಾಗಿತ್ತು. ಜನ ಗುಂಪುಗುಂಪಾಗಿ ಹಡಗು ಹತ್ತಿದ್ದು ಆ ಶಾಂತಿಯ ಕಾಲದಲ್ಲೇ. ನನ್ನ ಪ್ರಕಾರ ಅವರಲ್ಲಿ ಬಹಳ ಮಂದಿ ಹೋದದ್ದು ಊರಲ್ಲಿ ಬದುಕೋದಕ್ಕೆ ಬೇಕಾದ ದುಡ್ಡು ತರೋಣ ಅಂತ. ನಾಲ್ಕು ವರ್ಷ ದುಡಿದು, ಒಂದು ತುಂಡು ಜಮೀನು ಕೊಂಡು, ಮನೆ ಸರಿಮಾಡಿಸಿಕೊಂಡು ಇಲ್ಲೇ ಇರೋಣ ಅನ್ನೋ ಲೆಕ್ಕ. ಎಷ್ಟೋ ಜನ ಹಾಗೇ ವಾಪಸ್ ಬಂದರು ಕೂಡ.

ಉತ್ತರ ಲೆಬನಾನಿನ ಬಶರ್ರಿಯನ್ನೇ ನೋಡಿ. ಸಮುದ್ರಮಟ್ಟದಿಂದ ಸುಮಾರು 1,450 ಮೀಟರ್ ಮೇಲೆ, ಕಾದಿಶಾ ಕಣಿವೆಯ ಅಂಚಿನಲ್ಲಿ ಇರುವ ಊರು. ಕೆಳಗೆ ಬಂಡೆ ಕೊರೆದು ಕಟ್ಟಿದ ಮಠಗಳು, ಮೇಲೆ ಹಳೆಯ ಸೀಡರ್ ಮರಗಳ ತೋಪು. 1998ರಲ್ಲಿ ಯುನೆಸ್ಕೊ ಕಣಿವೆ ಮತ್ತು ತೋಪು ಎರಡನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೋಡೋಕೆ ಚೆಂದ, ಸರಿ. ಉಳೋಕೆ? ಇಂಥ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಪೇರಿಸಿ, ಮಣ್ಣು ತುಂಬಿಸಿ ಹೊಲ ಮಾಡಬೇಕು. ಒಂದೊಂದು ಹೊಲ ಒಂದು ಪಟ್ಟಿಯಷ್ಟೇ ಅಗಲ. ಅದೂ ಮಕ್ಕಳಲ್ಲಿ ಪಾಲಾಗುತ್ತಾ ಹೋದರೆ ಒಬ್ಬೊಬ್ಬನಿಗೆ ಏನು ಉಳಿದೀತು?

ಆಗಿನ ಮನೆಗಳ ಮಾಳಿಗೆ ಬಗ್ಗೆ ಒಂದಿಷ್ಟು ಹೇಳಲೇಬೇಕು. ದಪ್ಪ ಕಲ್ಲಿನ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ಜೊಂಡು, ಸೊಪ್ಪುಸದೆ, ಕೊನೆಗೆ ಮಣ್ಣು. ಪ್ರತಿ ಮಾಳಿಗೆ ಮೇಲೂ ಒಂದು ಕಲ್ಲಿನ ಉರುಳೆ ಬಿದ್ದಿರುತ್ತಿತ್ತು, ಮಹದಲೆ ಅಂತ ಅದರ ಹೆಸರು. ಮಳೆ ಬಂತು ಅಂದರೆ ಯಾರಾದರೂ ಹತ್ತಿ ಅದನ್ನು ಆ ಕಡೆ ಈ ಕಡೆ ಉರುಳಿಸಿ ಮಣ್ಣನ್ನು ಬಿಗಿ ಮಾಡಬೇಕು. ಇಲ್ಲದಿದ್ದರೆ ರಾತ್ರಿಯೆಲ್ಲ ಹಾಸಿಗೆ ಮೇಲೆ ತೊಟ್ಟಿಕ್ಕುತ್ತದೆ. ಹಿಮ ಬಿದ್ದರೆ ಅದನ್ನು ಎತ್ತಿ ಹಾಕಬೇಕು, ಬಿಟ್ಟರೆ ತೊಲೆ ಮುರಿಯುತ್ತದೆ. ಹೊಸ ಮಾಳಿಗೆ ಹಾಕುವಾಗ ನೆರೆಹೊರೆಯವರೆಲ್ಲ ಬಂದು, ಕೈಕೈ ಹಿಡಿದು ಸಾಲಾಗಿ ನಿಂತು ಮಣ್ಣು ತುಳಿಯುತ್ತಿದ್ದರಂತೆ. ಮದುವೆಗಳಲ್ಲಿ ಕುಣಿಯುವ ದಬ್ಕೆ ಹುಟ್ಟಿದ್ದು ಹಾಗೇ ಅಂತ ಹಳ್ಳಿಯವರು ಹೇಳುತ್ತಾರೆ.

ಅದೇ ಮಾಳಿಗೆ ಮೇಲೆ ಬೇಸಿಗೆ ಕೊನೆಗೆ ಕಿಶ್ಕ್ ಒಣಗುತ್ತಿತ್ತು. ಗೋಧಿ ಬೇಯಿಸಿ, ಒಣಗಿಸಿ, ಒಡೆದ ನುಚ್ಚನ್ನು ಮೊಸರಿನಲ್ಲಿ ನೆನೆಹಾಕುತ್ತಾರೆ. ಉಪ್ಪು ಹಾಕಿ, ದಿನವೂ ನಾದಿ, ಹುಳಿ ಬರಲು ಬಿಡುತ್ತಾರೆ. ಆಮೇಲೆ ಬಿಳಿ ಬಟ್ಟೆ ಮೇಲೆ ಸಣ್ಣ ಸಣ್ಣ ಉಂಡೆ ಮಾಡಿ ಬಿಸಿಲಿಗೆ ಇಡುವುದು. ಅರ್ಧ ಒಣಗಿದಾಗ ಹೆಂಗಸರು ಸುತ್ತ ಕೂತು ಅಂಗೈಗಳ ನಡುವೆ ಉಜ್ಜಿ ಉಜ್ಜಿ ಪುಡಿ ಮಾಡುತ್ತಾರೆ. ಬಿಸಿಲು, ಹುಳಿ ವಾಸನೆ, ಮಾತು. ಚಳಿಗಾಲದಲ್ಲಿ ಬೆಳ್ಳುಳ್ಳಿ ಮತ್ತು ಕುರಿಕೊಬ್ಬಿನಲ್ಲಿ ಹುರಿದಿಟ್ಟ ಮಾಂಸದ ಜೊತೆ ಕುದಿಸಿದರೆ ಬೆಳಗಿನ ಗಂಜಿ ತಯಾರು. ಹಿಮದಲ್ಲಿ ದಾರಿ ಮುಚ್ಚಿಹೋಗುವ ಊರಿಗೆ ಇಂಥ ದಾಸ್ತಾನೇ ಆಧಾರ. ಒಣ ಅಂಜೂರ, ಆಲಿವ್ ಎಣ್ಣೆ, ದಾಳಿಂಬೆ ರಸದ ಪಾಕ, ಝಾತರ್ ಅನ್ನೋ ಸೊಪ್ಪಿನ ಮಸಾಲೆ ಪುಡಿ, ಎಲ್ಲವೂ ಇದರಲ್ಲಿ ಸೇರುತ್ತವೆ. ಇದಕ್ಕೆಲ್ಲ ಸೇರಿ ಮೂನೆ ಅನ್ನುತ್ತಾರೆ. ರಾಜಧಾನಿ ಬೈರೂತಿನಲ್ಲಿ ಮನೆ ಮಾಡಿದವರಿಗೆ ಈಗಲೂ ಊರಿಂದ ಮೂನೆ ಬರುತ್ತದೆ. ಹೊರದೇಶಕ್ಕೆ ಹೋಗುವವರ ಸೂಟ್‌ಕೇಸಿನಲ್ಲೂ ಅದಕ್ಕೊಂದು ಜಾಗ ಇರುತ್ತದೆ.

ಹಸಿವು ಇಲ್ಲದ ಊರು ಅಂತ ಇದನ್ನು ಓದಿ ಅನ್ನಿಸಬಹುದು. ಅಲ್ಲ. 19ನೇ ಶತಮಾನದಲ್ಲಿ ಬೆಟ್ಟದ ಬಹುಪಾಲು ಹಳ್ಳಿಗಳು ರೇಷ್ಮೆಗೆ ಬಿದ್ದವು. ಫ್ರಾನ್ಸಿನ ಲಿಯೋನ್ ನಗರದ ವ್ಯಾಪಾರಿಗಳಿಗೆ ನೂಲು ಬೇಕಿತ್ತು. ಹೊಲಗಳಲ್ಲಿ ಹಿಪ್ಪುನೇರಳೆ ಬಂತು, ಮನೆಯಲ್ಲಿ ಹುಳ ಬಂತು, ನೂಲು ಬಿಚ್ಚುವ ಕಾರ್ಖಾನೆಗಳಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಕೂಲಿಗೆ ನಿಂತರು. ಹುಳ ಸಾಕಿದ ಮನೆಯಲ್ಲಿ ಹುಟ್ಟಿದವರಿಗೆ ಗೊತ್ತು, ಗೂಡಿನ ಬೆಲೆ ಬಿದ್ದರೆ ವರ್ಷವೇ ಹೋದಂತೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಚೀನಾ, ಜಪಾನಿನ ರೇಷ್ಮೆ ಯುರೋಪಿಗೆ ಅಗ್ಗವಾಗಿ ಬರತೊಡಗಿತು. ಬೆಟ್ಟದಲ್ಲಿ ಸಾಲ ಏರಿತು. 1914ರ ಹೊತ್ತಿಗೆ ಬೆಟ್ಟದ ಜನರಲ್ಲಿ ಸುಮಾರು ಮೂರನೇ ಒಂದು ಪಾಲು ಹಡಗು ಹತ್ತಿದ್ದರು ಅಂತ ಚರಿತ್ರೆಕಾರರ ಅಂದಾಜು.

ಬಶರ್ರಿಯಿಂದ ಹಾಗೆ ಹೋದವರಲ್ಲಿ ಒಂದು ಕುಟುಂಬದ ಕಥೆ ಎಲ್ಲರಿಗೂ ಅರ್ಧ ಗೊತ್ತು. 1895ರಲ್ಲಿ ಕಮೀಲಾ ಅನ್ನೋ ಹೆಂಗಸು ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಬೋಸ್ಟನ್‌ಗೆ ಹೋದರು. ಗಂಡ ಊರಲ್ಲೇ ಉಳಿದ. ಆಕೆ ಲೇಸು, ಬಟ್ಟೆಯ ಗಂಟು ಹೊತ್ತು ಮನೆಮನೆಗೆ ಹೋಗಿ ಮಾರಿದರು. ಆಗ ಸಿರಿಯನ್ನರು ಅಂತ ಕರೆಸಿಕೊಳ್ಳುತ್ತಿದ್ದ ಈ ಬೆಟ್ಟದ ಜನ ಅಮೆರಿಕದಲ್ಲಿ ಹೆಚ್ಚಾಗಿ ಮಾಡಿದ್ದು ಇದೇ ಕೆಲಸ. 1902 ಮತ್ತು 1903ರಲ್ಲಿ ಒಬ್ಬ ಮಗಳು, ದೊಡ್ಡ ಮಗ, ಕೊನೆಗೆ ಕಮೀಲಾ ಕೂಡ ತೀರಿಕೊಂಡರು. ಉಳಿದ ಮಗಳು ಮರಿಯಾನಾ ಹೊಲಿಗೆ ಕೆಲಸ ಮಾಡಿ ಉಳಿದ ಒಬ್ಬ ಅಣ್ಣನನ್ನು ಸಾಕಿದಳು. ಆ ಅಣ್ಣ 'ದಿ ಪ್ರಾಫೆಟ್' ಬರೆದ ಕವಿ ಖಲೀಲ್ ಗಿಬ್ರಾನ್. ಅವರು 1931ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡಾಗ ದೇಹವನ್ನು ಹಡಗಿನಲ್ಲಿ ತಂದು ಬಶರ್ರಿಯ ಮಾರ್ ಸರ್ಕಿಸ್ ಮಠದಲ್ಲಿ ಮಣ್ಣು ಮಾಡಿದರು. ಪುಸ್ತಕಗಳಿಂದ ಬರುವ ಗೌರವಧನವನ್ನು ಅವರು ಹುಟ್ಟಿದ ಊರಿಗೆ ಬರೆದಿಟ್ಟಿದ್ದರು. ಆ ದುಡ್ಡಿಗಾಗಿ ಊರಲ್ಲಿ ಜಗಳಗಳೂ ಆದವು. ಆದರೂ 12 ವರ್ಷಕ್ಕೆ ಊರು ಬಿಟ್ಟ ಹುಡುಗ ಕೊನೆಗೆ ನೆನೆದದ್ದು ಯಾವುದನ್ನು ಅನ್ನೋದು ನನಗೆ ಮುಖ್ಯ.

ಹೆಸರು ಮಾಡದವರು ಕಳಿಸಿದ ದುಡ್ಡು ಹಳ್ಳಿಯ ಬಣ್ಣವನ್ನೇ ಬದಲಿಸಿತು. ಮಣ್ಣಿನ ಮಾಳಿಗೆ ತೆಗೆದು ಫ್ರಾನ್ಸಿನ ಮಾರ್ಸೇಲ್‌ನಿಂದ ತರಿಸಿದ ಕೆಂಪು ಹೆಂಚು ಹಾಕಿದರು. ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚು, ನಮ್ಮ ಮಂಗಳೂರು ಹೆಂಚಿನ ಥರದ್ದೇ. ಮುಂದೆ ಮೂರು ಕಮಾನಿನ ಕಿಟಕಿ. ಇವತ್ತು ಲೆಬನಾನಿನ ಹಳ್ಳಿ ಅಂದರೆ ಚಿತ್ರದಲ್ಲಿ ಕಾಣುವ ಮನೆ ಇದು.

ಊರಲ್ಲಿ ಉಳಿದವರಿಗೆ ಮೊದಲನೇ ಮಹಾಯುದ್ಧ ಬಂದೆರಗಿತು. 1915ರಲ್ಲಿ ಮಿಡತೆ ದಂಡು ಬಂದು ಹಸಿರೆಲ್ಲ ತಿಂದು ಹೋಯಿತು. ಸಮುದ್ರದ ಕಡೆ ಬ್ರಿಟನ್, ಫ್ರಾನ್ಸಿನ ಹಡಗುಗಳ ದಿಗ್ಬಂಧನ. ಒಳನಾಡಿನಿಂದ ಧಾನ್ಯ ಬರದಂತೆ, ಆಗ ಇಲ್ಲಿ ಆಳುತ್ತಿದ್ದ ಒಟ್ಟೊಮನ್ ತುರ್ಕರ ತಡೆ. ಮೇಲೆ ವ್ಯಾಪಾರಿಗಳ ದಾಸ್ತಾನು. ಗೋಧಿ ಬೆಳೆಯುವ ಜಾಗದಲ್ಲೆಲ್ಲ ಹಿಪ್ಪುನೇರಳೆ ನಿಂತಿತ್ತು, ಹೊರದೇಶದಿಂದ ಬರುವ ದುಡ್ಡೂ ನಿಂತಿತ್ತು. 1918ರೊಳಗೆ ಸುಮಾರು 2 ಲಕ್ಷ ಜನ ಹಸಿವು, ರೋಗದಿಂದ ಸತ್ತರು ಅಂತ ಅಂದಾಜು. ಬೆಟ್ಟದ ಜನಸಂಖ್ಯೆಯೇ ಆಗ 4 ಲಕ್ಷದ ಆಸುಪಾಸು. ವಾಪಸ್ ಬರೋಣ ಅಂತ ಹೋದ ಎಷ್ಟೋ ಜನರಿಗೆ ಬಾಗಿಲು ತೆರೆಯುವವರೇ ಉಳಿದಿರಲಿಲ್ಲ. ಹೋದವರು ಹೋದಲ್ಲೇ ನಿಂತದ್ದು ಯಾಕೆ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಈ ನಾಲ್ಕು ವರ್ಷಗಳ ಬಗ್ಗೆ.

ಇಷ್ಟಾದರೂ ಊರಿನ ನಂಟು ಕಾಗದದಲ್ಲೇ ಗಟ್ಟಿಯಾಗಿ ಉಳಿದಿದೆ.  ಕುಟುಂಬ ಯಾವ ಊರಿನ ದಾಖಲೆಯಲ್ಲಿದೆಯೋ ದೇಶದೊಳಗಿರುವವರು ಅಲ್ಲಿಗೇ ಹೋಗಿ ಓಟು ಹಾಕಬೇಕು. ಬೈರೂತಿನಲ್ಲೇ ಹುಟ್ಟಿ ಬೆಳೆದವರೂ ಚುನಾವಣೆ ದಿನ ತಾತನ ಊರಿಗೆ ಗಾಡಿ ತಿರುಗಿಸುತ್ತಾರೆ. ಮದುವೆಯಾದ ಹೆಣ್ಣಿನ ಹೆಸರು ಗಂಡನ ಊರಿನ ದಾಖಲೆಗೆ ಹೋಗುತ್ತದೆ. ಅದು ನನಗೆ ಸರಿ ಕಾಣುವುದಿಲ್ಲ. ಕಿಶ್ಕ್ ಉಜ್ಜುವುದನ್ನು ಕಲಿತ ಊರು ಒಂದು, ಓಟು ಇನ್ನೊಂದು ಕಡೆ.

ಹೊರಡುವುದು ಇನ್ನೂ ನಿಂತಿಲ್ಲ. 2019ರಲ್ಲಿ ಬ್ಯಾಂಕುಗಳು ಜನರ ಠೇವಣಿಗೆ ಬೀಗ ಹಾಕಿದ ಮೇಲೆ ಓದಿದ ಹುಡುಗ ಹುಡುಗಿಯರು ಮತ್ತೆ ಗಲ್ಫ್, ಯುರೋಪ್ ಕಡೆ ಹೊರಟರು. ಎಷ್ಟೋ ಮನೆಗಳು ನಡೆಯುತ್ತಿರುವುದು ಅವರು ಕಳಿಸುವ ಡಾಲರಿನಲ್ಲೇ. ದಕ್ಷಿಣದ ತಂಬಾಕು, ಆಲಿವ್ ಬೆಳೆಯುವ ಹಳ್ಳಿಗಳ ಕಥೆ ಬೇರೆ, ಅಲ್ಲಿ ಓಡಿಸಿದ್ದು ಇಸ್ರೇಲ್ ಮತ್ತು ಹಿಜ್ಬುಲ್ಲಾ ನಡುವಿನ ಯುದ್ಧವೇ. 2024ರ ನವೆಂಬರ್ 27ರ ಬೆಳಗಿನ ಜಾವ 4 ಗಂಟೆಗೆ ಕದನವಿರಾಮ ಶುರುವಾಯಿತು. ಬೆಳಕು ಹರಿಯುವ ಹೊತ್ತಿಗೆ ದಕ್ಷಿಣಕ್ಕೆ ಹೋಗುವ ದಾರಿಯೆಲ್ಲ ತುಂಬಿಹೋಗಿತ್ತು, ಕಾರುಗಳ ಮೇಲೆ ಹಾಸಿಗೆ ಕಟ್ಟಿಕೊಂಡು. ಗಡಿ ಹಳ್ಳಿಗಳಿಗೆ ಈಗಲೇ ಹೋಗಬೇಡಿ ಅಂತ ಸೇನೆ ಹೇಳುತ್ತಿದ್ದರೂ ಜನ ಹೊರಟೇಬಿಟ್ಟಿದ್ದರು.